ಕ್ರಿಯಾಟಿನಿನ್ ಇಳಿಸುವ ಜ್ಯೂಸ್ ಇವತ್ತೇ ನಿಲ್ಲಿಸಿ, ಅಪ್ಪನ ಹೃದಯದ ಕಡೆ ನೋಡೋಣ

ಪ್ರಶ್ನೆ: ನಮ್ಮೂರು ಪಾಂಡವಪುರ ತಾಲ್ಲೂಕು. ಮದುವೆಯಾದ ಮೇಲೆ ನಾನು ಮೈಸೂರಿನಲ್ಲಿದ್ದೇನೆ. ಅಪ್ಪನಿಗೆ 61 ವರ್ಷ, ಕಬ್ಬು-ಭತ್ತದ ಬೇಸಾಯ. ಸಕ್ಕರೆ ಕಾಯಿಲೆ 18 ವರ್ಷದಿಂದ ಇದೆ, ಬಿಪಿಯೂ ಇದೆ. ಈಗ ಕ್ರಿಯಾಟಿನಿನ್ 4.1, ಪೊಟ್ಯಾಸಿಯಂ 5.6, ಫಾಸ್ಫರಸ್ 5.9, ಬೈಕಾರ್ಬನೇಟ್ 17, ಹಿಮೋಗ್ಲೋಬಿನ್ 8.7, ಬಿಪಿ 164/92. ಎರಡು ತಿಂಗಳಿಂದ ಸ್ವಲ್ಪ ನಡೆದರೂ ಏದುಸಿರು. ರಾತ್ರಿ ಎರಡು ದಿಂಬು ಇಟ್ಟುಕೊಂಡರೆ ಮಾತ್ರ ನಿದ್ದೆ. ಎಕೋದಲ್ಲಿ ಹೃದಯದ ಗೋಡೆ ದಪ್ಪವಾಗಿದೆ, ಪಂಪಿಂಗ್ 52 ಅಂತ ಬಂದಿದೆ. ಕಿಡ್ನಿಯಲ್ಲಿ ಸೇರಿದ ವಿಷ ಹೃದಯಕ್ಕೆ ಏರಿದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಸೋದರಮಾವ ಹೇಳಿದರೆಂದು ಬೆಳಿಗ್ಗೆ ಬಾಳೆದಿಂಡಿನ ಜ್ಯೂಸ್, ಮಧ್ಯಾಹ್ನ ಎಳನೀರು, ಜೊತೆಗೆ ಒಂದು ಕಷಾಯ ಕೊಡುತ್ತಿದ್ದೇವೆ, ನೀರೂ ಜಾಸ್ತಿ ಕುಡಿಸುತ್ತಿದ್ದೇವೆ. ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್‌ನಿಂದಲೇ ಕ್ರಿಯಾಟಿನಿನ್ ಏರಿತೆಂದು ಯಾರೋ ಹೇಳಿದ್ದಕ್ಕೆ ಅಪ್ಪ ತಾವೇ ಬಿಟ್ಟಿದ್ದಾರೆ. ಹೃದಯದ ಡಾಕ್ಟರು ಆಂಜಿಯೋಗ್ರಾಂ ಬೇಕಾಗಬಹುದು ಅನ್ನುತ್ತಾರೆ, ಕಿಡ್ನಿ ಡಾಕ್ಟರು ಈಗ ಬೇಡ ಅನ್ನುತ್ತಾರೆ. ಡಯಾಲಿಸಿಸ್ ಮಾಡಿಸಿದರೆ ವಿಷವೆಲ್ಲ ಹೋಗಿ ಹೃದಯ ಸರಿಯಾಗುತ್ತದೆಯೇ? ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲವಂತೆ, ಹೌದೇ?

ಉತ್ತರ: ವಿವರಣೆಗೆ ಮೊದಲು ಒಂದು ಮಾತು, ಇದಕ್ಕೆ ತಡಮಾಡುವಂತಿಲ್ಲ. ಬಾಳೆದಿಂಡಿನ ಜ್ಯೂಸ್, ಎಳನೀರು, ಕಷಾಯ ಮೂರನ್ನೂ ಇವತ್ತೇ ನಿಲ್ಲಿಸಿ. ನಾಳೆಯೇ ಹತ್ತಿರದ ಲ್ಯಾಬಿನಲ್ಲಿ ಪೊಟ್ಯಾಸಿಯಂ ಮತ್ತೆ ನೋಡಿಸಿ, ಅದರ ಜೊತೆಗೇ ಒಂದು ಇಸಿಜಿ ಮಾಡಿಸಿ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಒಳಗಿರಬೇಕು. 5.6 ಆಗಲೇ ಗಡಿ ದಾಟಿದೆ. 6 ದಾಟಿದರೆ ಹೃದಯದ ಬಡಿತ ಯಾವಾಗ ಬೇಕಾದರೂ ಲಯ ತಪ್ಪಬಹುದು, ಅದಕ್ಕೆ ಮುಂಚೆ ನೋವಾಗಲಿ ಸಂಕಟವಾಗಲಿ ಕಾಣಿಸಲೇಬೇಕೆಂದಿಲ್ಲ. ಒಂದು ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಕಾಯಿ ದೊಡ್ಡದಾದರೆ ಇನ್ನೂ ಹೆಚ್ಚು. ಕಿಡ್ನಿ ಚೆನ್ನಾಗಿರುವವರು ಮದ್ದೂರಿನ ಮಾರುಕಟ್ಟೆ ಮುಂದೆ ನಿಂತು ಎರಡು ಕುಡಿದರೂ ಸಂಜೆಯೊಳಗೆ ಅದು ಮೂತ್ರದಲ್ಲಿ ಹೋಗುತ್ತದೆ. ನಿಮ್ಮ ತಂದೆಯವರಿಗೆ ಹೋಗುವುದಿಲ್ಲ. ನಮ್ಮ ಕಡೆ ಯಾರಿಗೆ ಹುಷಾರಿಲ್ಲದಿದ್ದರೂ ಎಳನೀರು ಹಿಡಿದುಕೊಂಡು ನೋಡಲು ಬರುತ್ತಾರೆ. ಬಂದವರ ಪ್ರೀತಿ ದೊಡ್ಡದು, ಆದರೆ ಈ ರೋಗಿಗೆ ಅದನ್ನು ಕೊಡಬಾರದು.

ಈಗ ನಿಮ್ಮ ಭಯದ ವಿಚಾರ. ಕಿಡ್ನಿ ಕೆಟ್ಟರೆ ಹೃದಯಕ್ಕೆ ತೊಂದರೆಯೇ ಎಂದರೆ, ಖಂಡಿತ ಹೌದು. ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಲ್ಲಿ ಸಾವಿಗೆ ಮೊದಲ ಕಾರಣ ಹೃದಯ ಮತ್ತು ರಕ್ತನಾಳಗಳ ತೊಂದರೆಯೇ. ಎಷ್ಟೋ ಜನ ಡಯಾಲಿಸಿಸ್ ಹಂತಕ್ಕೆ ಬರುವ ಮೊದಲೇ ಹೃದಯದಿಂದ ತೀರಿಕೊಳ್ಳುತ್ತಾರೆ. ಹಾಗಾಗಿ ಊರಿನವರ ಮಾತಿನಲ್ಲಿ ಅರ್ಧ ಸತ್ಯವಿದೆ. ತಪ್ಪಿರುವುದು ಉಳಿದ ಅರ್ಧದಲ್ಲಿ. ವಿಷ ಎಂದರೆ ಯಾವುದೋ ಒಂದು ಕೊಳೆ, ಅದನ್ನು ಏನಾದರೂ ಕುಡಿಸಿ ತೊಳೆದುಬಿಡಬಹುದು ಎಂದುಕೊಂಡಿದ್ದಾರೆ. ಅದು ಒಂದಲ್ಲ, ಕುಡಿಸಿ ತೊಳೆಯಲು ಬರುವಂಥದ್ದೂ ಅಲ್ಲ.

ಕ್ರಿಯಾಟಿನಿನ್ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಇಡೀ ಮನೆಯವರ ಕಣ್ಣು ಅದರ ಮೇಲೇ ಇರುತ್ತದೆ. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವ ಒಂದು ತ್ಯಾಜ್ಯ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಅದರಿಂದ ಲೆಕ್ಕ ಹಾಕುತ್ತೇವೆ, ಅಷ್ಟೇ. ಹೃದಯವನ್ನು ಕೆಡಿಸುವುದು ಅದಲ್ಲ. ನಿಮ್ಮ ತಂದೆಯವರ ವಯಸ್ಸಿಗೆ 4.1 ಎಂದರೆ ಇ-ಜಿಎಫ್‌ಆರ್ (ಕಿಡ್ನಿ ಸೋಸುವ ಪ್ರಮಾಣದ ಅಂದಾಜು) ಸುಮಾರು 16, ಅಂದರೆ ನಾಲ್ಕನೇ ಹಂತದ ಅಂಚು, ಕೊನೆಯ ಹಂತವಾದ ಐದರ ಬಾಗಿಲು. ಕಷಾಯ ಕುಡಿದು ಕ್ರಿಯಾಟಿನಿನ್ 5ರಿಂದ 4ಕ್ಕೆ ಇಳಿಯಿತು ಎಂದು ರಿಪೋರ್ಟ್ ತೋರಿಸುವವರು ನನ್ನ ಹೊರರೋಗಿ ವಿಭಾಗಕ್ಕೆ ಪ್ರತಿವಾರವೂ ಬರುತ್ತಾರೆ. ಅಂಥವರನ್ನು ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ, ತೋಳಿನ ಸುತ್ತಳತೆ ನೋಡುತ್ತೇನೆ. ಪಥ್ಯದ ಹೆಸರಿನಲ್ಲಿ ಊಟ ಬಿಟ್ಟು ಮಾಂಸಖಂಡ ಕರಗಿದ್ದರೆ ಕ್ರಿಯಾಟಿನಿನ್ ತಾನಾಗಿಯೇ ಇಳಿದಿರುತ್ತದೆ. ಕಿಡ್ನಿ ಸುಧಾರಿಸಿರುವುದಿಲ್ಲ, ರೋಗಿ ಸೊರಗಿರುತ್ತಾರೆ. ಕೆಲವರಲ್ಲಿ ವಾಂತಿ ಭೇದಿಯಿಂದ ಏರಿದ್ದು ಅದು ನಿಂತ ಮೇಲೆ ಇಳಿದಿರುತ್ತದೆ, ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ.

ಹಾಗಾದರೆ ಹೃದಯಕ್ಕೆ ಏಟು ಕೊಡುವುದು ಏನು? ನಿಮ್ಮ ತಂದೆಯವರ ರಿಪೋರ್ಟಿನಲ್ಲೇ ಎಲ್ಲ ಬರೆದಿದೆ.

ಮೊದಲನೆಯದು ಉಪ್ಪು ಮತ್ತು ನೀರು. ಕಿಡ್ನಿ ಹೊರಹಾಕದ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ಏರಿದ ಒತ್ತಡದ ಎದುರು ವರ್ಷಗಟ್ಟಲೆ ದುಡಿದ ಹೃದಯದ ಗೋಡೆ ದಪ್ಪವಾಗುತ್ತದೆ. ದಪ್ಪವಾದ ಗೋಡೆ ಸರಿಯಾಗಿ ಸಡಿಲಗೊಳ್ಳುವುದಿಲ್ಲ, ರಕ್ತ ಹಿಂದಕ್ಕೆ ಶ್ವಾಸಕೋಶದ ಕಡೆ ಒತ್ತಿಕೊಳ್ಳುತ್ತದೆ. ಪಂಪಿಂಗ್ ತೀರಾ ಕಡಿಮೆಯಾಗದೆ 52 ಇದ್ದರೂ ಮಲಗಿದರೆ ಉಸಿರು ಕಟ್ಟುವುದು ಇದಕ್ಕೇ. ನೀರು ಜಾಸ್ತಿ ಕುಡಿಸಿದರೆ ಕಿಡ್ನಿ ತೊಳೆಯುತ್ತದೆ ಎಂಬುದು ಕಿಡ್ನಿ ಕಲ್ಲಿನವರಿಗೆ ಹೇಳುವ ಮಾತು. ಅದನ್ನು ಇವರಿಗೆ ಅನ್ವಯಿಸಿದರೆ ಆ ನೀರು ಕಾಲಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು ದಿಂಬಿನ ನಿದ್ದೆಗೆ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟು, ದಿನಕ್ಕೆ ಒಟ್ಟು ಉಪ್ಪನ್ನು ಒಂದು ಸಣ್ಣ ಚಮಚದೊಳಗೆ, ಅಂದರೆ 5 ಗ್ರಾಂ ಒಳಗೆ ಇಳಿಸಿದರೆ ಎಷ್ಟೋ ಜನರಿಗೆ ವಾರದೊಳಗೆ ಉಸಿರು ಹಗುರವಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಎಲ್ಲವೂ ಈ ಲೆಕ್ಕದಲ್ಲೇ ಸೇರಬೇಕು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ತರಬೇಡಿ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ.

ಎರಡನೆಯದು ಫಾಸ್ಫರಸ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ನೋವಿಲ್ಲದೆ, ಸದ್ದಿಲ್ಲದೆ ಅತಿ ಹೆಚ್ಚು ಹಾನಿ ಮಾಡುವುದು ಇದು. ರಕ್ತದಲ್ಲಿ ಫಾಸ್ಫರಸ್ ಏರಿದಾಗ ಅದನ್ನು ಹೊರದಬ್ಬಲು ಮೂಳೆಯಿಂದ ಎಫ್‌ಜಿಎಫ್-23 ಎಂಬ ಹಾರ್ಮೋನು ಹೆಚ್ಚು ಹೆಚ್ಚು ಸುರಿಯುತ್ತದೆ. ಈ ಹಾರ್ಮೋನೇ ಹೃದಯದ ಸ್ನಾಯುವನ್ನು ನೇರವಾಗಿ ದಪ್ಪ ಮಾಡಬಲ್ಲದು, ಬಿಪಿ ಇರಲಿ ಬಿಡಲಿ. ಇನ್ನೊಂದು ಕಡೆ ಫಾಸ್ಫರಸ್ ಕ್ಯಾಲ್ಸಿಯಂ ಜೊತೆ ಸೇರಿ ರಕ್ತನಾಳದ ಗೋಡೆಯೊಳಗೆ ಕೂರುತ್ತದೆ. ಅಲ್ಲಿನ ಸ್ನಾಯುಕೋಶಗಳು ಮೂಳೆಯ ಕೋಶಗಳಂತೆ ವರ್ತಿಸಲು ಶುರುಮಾಡುತ್ತವೆ. ಇದು ಕೊಬ್ಬು ಕಟ್ಟಿಕೊಂಡು ನಾಳ ಮುಚ್ಚುವ ಮಾಮೂಲಿ ಬ್ಲಾಕ್ ಅಲ್ಲ. ಬಿಸಿಲಿಗೆ ಬಿದ್ದು ಸೆಟೆದುಕೊಂಡ ರಬ್ಬರ್ ಪೈಪಿನ ಹಾಗೆ ನಾಳ ಗಟ್ಟಿಯಾಗುತ್ತದೆ, ಪ್ರತಿ ಬಡಿತಕ್ಕೂ ಹೃದಯ ಆ ಗಟ್ಟಿತನದ ವಿರುದ್ಧ ದಬ್ಬಬೇಕು.

ಫಾಸ್ಫರಸ್ ಹಿಡಿದಿಡುವ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಯಾವಾಗ ನುಂಗುತ್ತಾರೆ ಎಂದು ತಂದೆಯವರನ್ನು ಕೇಳಿ. ಸೆವೆಲಮರ್ ಆಗಲಿ, ಕ್ಯಾಲ್ಸಿಯಂ ಅಸಿಟೇಟ್ ಆಗಲಿ, ಊಟದ ಜೊತೆಯಲ್ಲೇ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಬೆಳಿಗ್ಗೆ ಎಲ್ಲ ಮಾತ್ರೆಯನ್ನೂ ಒಟ್ಟಿಗೆ ಬರಿಹೊಟ್ಟೆಯಲ್ಲಿ ನುಂಗಿ, ಹಾಗಿದ್ದೂ ಫಾಸ್ಫರಸ್ ಇಳಿಯಲಿಲ್ಲ ಎನ್ನುವವರು ತುಂಬಾ ಜನ. ಊಟದಲ್ಲಿ ಕೋಲಾ, ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಮಾಂಸ ಮೊದಲು ಬಿಡಿಸಿ. ಇವುಗಳಿಗೆ ಬೆರೆಸಿದ ಫಾಸ್ಫೇಟ್ ಹೆಚ್ಚು ಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಬೇಳೆಕಾಳು, ಧಾನ್ಯದಲ್ಲಿರುವ ಫಾಸ್ಫರಸ್ ಅಷ್ಟು ಸುಲಭವಾಗಿ ಸೇರುವುದಿಲ್ಲ.

ಮೂರನೆಯದು ನಿಜವಾಗಿಯೂ ವಿಷ ಎನ್ನಬಹುದಾದ ಗುಂಪು. ನಾವು ತಿಂದ ಪ್ರೋಟೀನಿನ ಒಂದು ಭಾಗವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆಗ ಹುಟ್ಟುವ ವಸ್ತುಗಳಿಂದ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಎಂಬವು ತಯಾರಾಗುತ್ತವೆ. ಕಿಡ್ನಿ ಇವನ್ನು ಹೊರಹಾಕಬೇಕು. ಉಳಿದುಕೊಂಡರೆ ರಕ್ತನಾಳದ ಒಳಪದರವನ್ನು ಕೆರಳಿಸುತ್ತವೆ, ಹೃದಯದ ಸ್ನಾಯುವಿನಲ್ಲಿ ನಾರು ಬೆಳೆಯಲು ಕಾರಣವಾಗುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಇವು ರಕ್ತದ ಅಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್ ಕೂಡ ಒಂದು ಸಲಕ್ಕೆ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ತೆಗೆಯುತ್ತದೆ. ಕರುಳಿನಲ್ಲೇ ಇವನ್ನು ಹೀರಿಬಿಡಲಿ ಎಂದು ಎಎಸ್‌ಟಿ-120 ಎಂಬ ಇದ್ದಿಲಿನ ಔಷಧಿ ಜಪಾನಿನಲ್ಲಿ ಬಳಕೆಗೆ ಬಂತು. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಅದರಿಂದ ಕಿಡ್ನಿ ಕೆಡುವುದು ನಿಧಾನವಾಗಲಿಲ್ಲ. ವಿಷ ಹೀರುತ್ತದೆ ಎಂದೇ ತಯಾರಾದ, ಪರೀಕ್ಷೆಗೆ ಒಳಪಟ್ಟ ಔಷಧಿಯ ಕಥೆಯೇ ಹೀಗಿರುವಾಗ, ಒಳಗೇನಿದೆ ಎಂದು ಬರೆದಿರದ ಬಾಟಲಿಯ ಕಷಾಯವನ್ನು ನಾನು ಹೇಗೆ ಒಪ್ಪಲಿ? ಇಂಥ ಕೆಲವು ಔಷಧಿಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದಿದೆ, ಕೆಲವದರಲ್ಲಿ ನೋವಿನ ಮಾತ್ರೆಯ ಪುಡಿಯನ್ನೇ ಬೆರೆಸಿದ್ದಿದೆ.

ಈ ಗುಂಪಿನ ವಿಚಾರದಲ್ಲಿ ಮನೆಯಲ್ಲಿ ಮಾಡಬಹುದಾದ್ದು ಸರಳ. ಮಲಬದ್ಧತೆ ಇರದಂತೆ ನೋಡಿಕೊಳ್ಳಿ, ಬೇಕಾದರೆ ಲ್ಯಾಕ್ಟುಲೋಸ್ ಸಿರಪ್ ಕೇಳಿ ಪಡೆಯಿರಿ. ಕಿಡ್ನಿ ಸೋತಾಗ ಪೊಟ್ಯಾಸಿಯಂ ಹೋಗಲು ಕರುಳೂ ಒಂದು ದಾರಿ, ಹಾಗಾಗಿ ಹೊಟ್ಟೆ ಸರಿಯಾಗಿ ಹೋದರೆ ಎರಡು ಲಾಭ. ಪ್ರೋಟೀನ್ ಮಿತಿಯಲ್ಲಿರಲಿ, ಆದರೆ ಅವರನ್ನು ಉಪವಾಸ ಕೆಡವಬೇಡಿ.

ಊಟದ ಮಾತು ಬಂದಿದ್ದರಿಂದ ಬಸ್ಸಾರಿನ ಬಗ್ಗೆ ಹೇಳಿಬಿಡುತ್ತೇನೆ. ತರಕಾರಿ, ಸೊಪ್ಪನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಎಂದು ಕಿಡ್ನಿ ರೋಗಿಗಳಿಗೆ ಹೇಳುತ್ತೇವೆ, ಪೊಟ್ಯಾಸಿಯಂನ ದೊಡ್ಡ ಪಾಲು ಆ ನೀರಿಗೆ ಇಳಿದಿರುತ್ತದೆ. ಮಂಡ್ಯದ ಮನೆಗಳಲ್ಲಿ ಬಸಿದ ಆ ನೀರೇ ಬಸ್ಸಾರು, ಉಪ್ಸಾರು ಆಗುತ್ತದೆ. ಎಷ್ಟೋ ತಾಯಂದಿರು ನನ್ನ ಮಾತು ಕೇಳಿ ಶ್ರದ್ಧೆಯಿಂದ ಸೊಪ್ಪು ಬಸಿದು, ಪಲ್ಯವನ್ನು ಮಿಕ್ಕವರಿಗೆ ಬಡಿಸಿ, ಸಾರನ್ನು ರೋಗಿಗೆ ಹಾಕುತ್ತಾರೆ. ಆಗಬೇಕಾದ್ದು ತಿರುಗುಮುರುಗು. ಅಪ್ಪನಿಗೆ ಬಸಿದ ಪಲ್ಯ, ಸಾರು ಉಳಿದವರಿಗೆ. ಮುದ್ದೆ ಪೂರ್ತಿ ಬಿಡಿಸಬೇಕಾಗಿಲ್ಲ. ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ ಹೆಚ್ಚು, ಆದ್ದರಿಂದ ದಿನಕ್ಕೆ ಒಂದು ಹೊತ್ತು, ಸಣ್ಣ ಮುದ್ದೆ ಸಾಕು. ಬೆಲ್ಲ, ಕಬ್ಬಿನ ಹಾಲು ಬೇಡ, ಸಕ್ಕರೆ ಕಾಯಿಲೆ ಒಂದು ಕಾರಣ, ಪೊಟ್ಯಾಸಿಯಂ ಇನ್ನೊಂದು. ದಾರೆಹುಳಿ, ಅಂದರೆ ಸ್ಟಾರ್ ಫ್ರೂಟ್ ಮಾತ್ರ ಒಂದು ಹೋಳೂ ಕೊಡಬೇಡಿ. ಕಿಡ್ನಿ ಕೆಟ್ಟವರಲ್ಲಿ ಅದರ ಅಂಶ ಮೆದುಳಿಗೆ ಏರಿ ಬಿಡದ ಬಿಕ್ಕಳಿಕೆ, ಫಿಟ್ಸ್ ಬಂದು ಪ್ರಾಣ ಹೋದದ್ದಿದೆ.

ರಕ್ತಹೀನತೆ ಮತ್ತು ಆಮ್ಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಎರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ಹಿಮೋಗ್ಲೋಬಿನ್ 8.7 ಇದ್ದಾಗ ಆಮ್ಲಜನಕ ಸಾಕಾಗದೆ ಹೃದಯ ಹೆಚ್ಚು ಓಡಬೇಕಾಗುತ್ತದೆ. ಮೊದಲು ಕಬ್ಬಿಣದಂಶ ನೋಡಿಸಿ ತುಂಬಬೇಕು, ಆಮೇಲೆ ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಚುಚ್ಚುಮದ್ದು. ಗುರಿ 10ರಿಂದ 11.5. ಇನ್ನೂ ಏರಿಸಿದರೆ ಒಳ್ಳೆಯದಲ್ಲವೇ ಎನ್ನಬೇಡಿ, 13ರತ್ತ ಏರಿಸಿದಾಗ ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿತು. ಮುಂದೆ ಕಿಡ್ನಿ ಕಸಿಯ ಯೋಚನೆ ಇದ್ದರೆ, ತೀರಾ ಅನಿವಾರ್ಯವಲ್ಲದೆ ರಕ್ತ ಹಾಕಿಸಬೇಡಿ. ಬೇರೆಯವರ ರಕ್ತದಿಂದ ಹುಟ್ಟುವ ಪ್ರತಿಕಾಯಗಳು ಹೊಂದುವ ಕಿಡ್ನಿ ಸಿಗುವುದನ್ನು ಕಷ್ಟ ಮಾಡುತ್ತವೆ. ಬೈಕಾರ್ಬನೇಟ್ 17 ಎಂದರೆ ರಕ್ತದಲ್ಲಿ ಆಮ್ಲ ಹೆಚ್ಚಿದೆ, ಅದೂ ಪೊಟ್ಯಾಸಿಯಂ ಏರಲು ಒಂದು ಕಾರಣ. ಸೋಡಾ ಮಾತ್ರೆಯಿಂದ ಸರಿಪಡಿಸಬಹುದು. ಮೈಯಲ್ಲಿ ನೀರು ತುಂಬಿರುವುದರಿಂದ ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ.

ಟೆಲ್ಮಿಸಾರ್ಟಾನ್ ಬಿಟ್ಟದ್ದು ನನಗೆ ಬೇಸರ ತಂದಿದೆ. ಈ ಗುಂಪಿನ ಮಾತ್ರೆ ಶುರುವಾದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಶೇ. 30ರ ಒಳಗಿನ ಏರಿಕೆಯನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತೇವೆ, ಏಕೆಂದರೆ ಮುಂದಿನ ವರ್ಷಗಳಲ್ಲಿ ಅದು ಕಿಡ್ನಿ, ಹೃದಯ ಎರಡನ್ನೂ ಕಾಯುತ್ತದೆ. ಕಾಯಿಲೆ ಮುಂದುವರಿದವರಲ್ಲಿ ಇಂಥ ಮಾತ್ರೆ ನಿಲ್ಲಿಸಿದರೆ ಕಿಡ್ನಿ ಚೇತರಿಸಿಕೊಳ್ಳಬಹುದೇ ಎಂದು ಬ್ರಿಟನ್ನಿನಲ್ಲಿ ನೋಡಿದರು. 2022ರಲ್ಲಿ ಬಂದ ಆ ಫಲಿತಾಂಶದಲ್ಲಿ ನಿಲ್ಲಿಸಿದವರಿಗೆ ಯಾವ ಲಾಭವೂ ಕಾಣಲಿಲ್ಲ. ಆದರೆ ಈಗ ಪೊಟ್ಯಾಸಿಯಂ 5.6 ಇರುವಾಗ ನೀವೇ ಮತ್ತೆ ಶುರುಮಾಡಬೇಡಿ. ಮೊದಲು ಅದು ಇಳಿಯಲಿ, ಆಮೇಲೆ ವೈದ್ಯರು ನಿರ್ಧರಿಸಲಿ. ಅಲ್ಲಿಯವರೆಗೆ ಬಿಪಿಗೆ ಬೇರೆ ಮಾತ್ರೆ ಇರಲೇಬೇಕು, 164/92 ಹಾಗೇ ಬಿಡುವಂಥದ್ದಲ್ಲ. ಮಂಡಿ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರುತ್ತಿದ್ದರೆ ನಿಲ್ಲಿಸಿ. ಸಕ್ಕರೆಯ ಔಷಧಿಯನ್ನೂ ಒಮ್ಮೆ ಪರಿಶೀಲಿಸಬೇಕು. ಈ ಹಂತದಲ್ಲಿ ಮೆಟ್ಫಾರ್ಮಿನ್ ಕೊಡಬಾರದು. ಕಿಡ್ನಿ ಕುಗ್ಗಿದಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಸಕ್ಕರೆ ತಾನಾಗಿ ಇಳಿಯುತ್ತದೆ, ಅದನ್ನು ಕಾಯಿಲೆ ವಾಸಿಯಾಯಿತು ಎಂದುಕೊಂಡು ಮೋಸಹೋಗಬೇಡಿ. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಕಿಡ್ನಿ, ಹೃದಯ ಎರಡಕ್ಕೂ ಒಳ್ಳೆಯದು ಎಂದು 2020ರಿಂದೀಚಿನ ಅಧ್ಯಯನಗಳು ಸ್ಪಷ್ಟಪಡಿಸಿವೆ. ಆದರೆ ಇ-ಜಿಎಫ್‌ಆರ್ 20ಕ್ಕಿಂತ ಕೆಳಗಿರುವವರಲ್ಲಿ ಹೊಸದಾಗಿ ಶುರುಮಾಡುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರ ಮನೆಯಲ್ಲಿ ಯಾರಿಗಾದರೂ ಕ್ರಿಯಾಟಿನಿನ್ 1.5, 2 ಇದ್ದರೆ ನಿಮ್ಮ ವೈದ್ಯರನ್ನು ಈಗಲೇ ಈ ಬಗ್ಗೆ ಕೇಳಿ.

ಡಯಾಲಿಸಿಸ್ ಬಗ್ಗೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕ್ರಿಯಾಟಿನಿನ್ ಇಷ್ಟಾಯಿತು ಎಂಬ ಒಂದೇ ಕಾರಣಕ್ಕೆ ಶುರುಮಾಡುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗ ಶುರುಮಾಡಿದವರು ಹೆಚ್ಚು ಕಾಲ ಬದುಕಲಿಲ್ಲ. ಮಾತ್ರೆಗೆ ಬಗ್ಗದ ಉಸಿರುಗಟ್ಟುವಿಕೆ, ಇಳಿಯದ ಪೊಟ್ಯಾಸಿಯಂ ಅಥವಾ ಆಮ್ಲ, ಬಿಡದ ವಾಂತಿ, ಮಂಪರು ಬಂದರೆ ತಡಮಾಡಬಾರದು. ಹೃದಯದ ಹೊರಪೊರೆ ಊದಿಕೊಂಡಾಗ ಮಲಗಿದರೆ ಎದೆನೋವು ಹೆಚ್ಚಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾಗುತ್ತದೆ. ಅದಕ್ಕೆ ಡಯಾಲಿಸಿಸ್ ಕೂಡಲೇ ಬೇಕು.

ಒಮ್ಮೆ ಶುರುವಾದರೆ ಬಿಡಲಾಗದು ಎನ್ನುವುದು ನಿಮ್ಮ ತಂದೆಯವರ ಹಂತದಲ್ಲಿ ಬಹುಮಟ್ಟಿಗೆ ನಿಜ. ಕಾರಣ ಡಯಾಲಿಸಿಸ್ ಅಭ್ಯಾಸವಾಗಿಬಿಡುತ್ತದೆ ಎಂದಲ್ಲ, ಕಿಡ್ನಿ ಮರಳಿ ಬರುವುದಿಲ್ಲ ಎಂದು. ಡಯಾಲಿಸಿಸ್‌ನಿಂದ ನೀರು ಇಳಿದು ಬಿಪಿ ಹತೋಟಿಗೆ ಬಂದರೆ ಹೃದಯಕ್ಕೆ ದೊಡ್ಡ ಉಪಕಾರ. ಆದರೆ ಎರಡು ಸರದಿಯ ನಡುವೆ ಮೂರು ನಾಲ್ಕು ಕೆಜಿ ಏರಿಸಿಕೊಂಡು ಬಂದು ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಎಳೆಸಿಕೊಂಡರೆ ಬಿಪಿ ಕುಸಿದು ಹೃದಯದ ಸ್ನಾಯುವಿಗೆ ಪ್ರತಿಸಲವೂ ಪೆಟ್ಟು ಬೀಳುತ್ತದೆ. ವಾರಕ್ಕೆ ಮೂರು ಸಲ ಮಾಡಿಸುವವರಲ್ಲಿ ಕೂಡ ಎರಡು ದಿನದ ಬಿಡುವಿನ ನಂತರವೇ ಹೃದಯದ ಅನಾಹುತ ಹೆಚ್ಚು. ಬಸ್ಸು ಸಿಗಲಿಲ್ಲ, ಹಬ್ಬವಿತ್ತು ಎಂದು ಒಂದು ಸರದಿ ತಪ್ಪಿಸುವುದು ಅಷ್ಟು ಅಪಾಯ. ಬಿಪಿಎಲ್ ಕುಟುಂಬಗಳಿಗೆ ಸರ್ಕಾರಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ವ್ಯವಸ್ಥೆ ಇದೆ, ಮೈಸೂರಿಗೇ ಓಡಾಡಬೇಕೆಂದಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಲ್ಲಿ ವಿಚಾರಿಸಿ.

ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಇನ್ನೊಂದು ದಾರಿ. ದಿನವೂ ಸ್ವಲ್ಪ ಸ್ವಲ್ಪವೇ ನೀರು ತೆಗೆಯುವುದರಿಂದ ಹೃದಯಕ್ಕೆ ಹಗುರ. ಕೈ ಶುದ್ಧಿ ತಪ್ಪಿದರೆ ಹೊಟ್ಟೆಯೊಳಗೆ ಸೋಂಕು, ಚೀಲಗಳ ಖರ್ಚು, ಇವು ಅದರ ಕಷ್ಟ. ಎಲ್ಲಕ್ಕಿಂತ ಒಳ್ಳೆಯದು ಕಸಿ. ಹೊಸ ಕಿಡ್ನಿ ಬಂದ ಮೇಲೆ ದಪ್ಪವಾದ ಹೃದಯದ ಗೋಡೆ ಎಷ್ಟೋ ಜನರಲ್ಲಿ ತೆಳುವಾಗುತ್ತದೆ. 61 ವರ್ಷ ಅದಕ್ಕೆ ಅಡ್ಡಿಯಲ್ಲ, ಕಸಿಯ ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳುವಷ್ಟು ಹೃದಯ ಗಟ್ಟಿಯಿರಬೇಕು. ಮನೆಯಲ್ಲಿ ದಾನಿಗಳಿಲ್ಲದಿದ್ದರೆ ನೋಂದಾಯಿತ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಬಹುದು, ಕಾಯುವಿಕೆ ಉದ್ದವೆಂಬುದು ಗೊತ್ತಿರಲಿ.

ಆಂಜಿಯೋಗ್ರಾಂ ವಿಷಯದಲ್ಲಿ ಇಬ್ಬರು ವೈದ್ಯರೂ ಅವರವರ ದೃಷ್ಟಿಯಿಂದ ಸರಿ. ಹೃದಯಾಘಾತ ಆಗುತ್ತಿದ್ದರೆ ಯೋಚನೆ ಮಾಡುತ್ತಾ ಕೂರಬಾರದು, ಜೀವ ಮೊದಲು, ಕ್ರಿಯಾಟಿನಿನ್ ಆಮೇಲೆ. ಆದರೆ ಸ್ಥಿರವಾಗಿರುವ ರೋಗಿಯಲ್ಲಿ ಮಾತು ಬೇರೆ. ಕಿಡ್ನಿ ಕಾಯಿಲೆ ಮುಂದುವರಿದ, ಹೃದಯಕ್ಕೆ ರಕ್ತ ಕಡಿಮೆಯಾಗುತ್ತಿದೆ ಎಂದು ಪರೀಕ್ಷೆಯಲ್ಲಿ ಕಂಡವರ ಮೇಲೆ ನಡೆದು 2020ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮೊದಲೇ ಆಂಜಿಯೋಗ್ರಾಂ, ಸ್ಟೆಂಟ್ ಮಾಡಿಸಿದವರಿಗೂ ಮೊದಲು ಔಷಧಿಯಲ್ಲೇ ನೋಡಿಕೊಂಡವರಿಗೂ ಸಾವು ಅಥವಾ ಹೃದಯಾಘಾತದಲ್ಲಿ ವ್ಯತ್ಯಾಸ ಬರಲಿಲ್ಲ. ನಿಮ್ಮ ತಂದೆಯವರ ಏದುಸಿರಿಗೆ ನೀರು, ಬಿಪಿ, ರಕ್ತಹೀನತೆ ಎಂಬ ಮೂರು ಕಾರಣಗಳು ಕಣ್ಣೆದುರೇ ಇವೆ. ಅವನ್ನು ಸರಿಪಡಿಸಿ ಕೆಲವು ವಾರ ನೋಡಿ, ಆಮೇಲೂ ಎದೆ ಹಿಡಿದಂತಾದರೆ ಆಂಜಿಯೋಗ್ರಾಂಗೆ ಚುಚ್ಚುವ ಡೈಯಿಂದ (ಬಣ್ಣದ ದ್ರವದಿಂದ) ಕಿಡ್ನಿಗಿರುವ ಅಪಾಯ ಒಪ್ಪಿಕೊಂಡು ಮಾಡಿಸುವುದು ನನ್ನ ಅಭಿಪ್ರಾಯ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಸ್ವಲ್ಪ ಹೆಚ್ಚಿದೆ ಎಂದು ಯಾರಾದರೂ ಹೆದರಿಸಿದರೆ, ಕಿಡ್ನಿ ರೋಗಿಗಳಲ್ಲಿ ಅದು ಸಾಮಾನ್ಯವಾಗಿ ತುಸು ಹೆಚ್ಚೇ ಇರುತ್ತದೆ ಎಂದು ನೆನಪಿಡಿ. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿದಾಗ ಏರುತ್ತಿದೆಯೇ ಎಂಬುದು ಮುಖ್ಯ.

ಉಸಿರು ಸಿಗದೆ ಎದ್ದು ಕೂರುವುದು, ಎದೆನೋವು, ತಲೆ ತಿರುಗಿ ಬೀಳುವುದು, ಇದ್ದಕ್ಕಿದ್ದಂತೆ ಕೈಕಾಲು ಬಲ ಕಳೆದುಕೊಳ್ಳುವುದು, ನಾಡಿ ತಪ್ಪುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತದಲ್ಲೂ ನೋವು ಬಾರದೆ ಬರೀ ಬೆವರು, ಸುಸ್ತು ಬರಬಹುದು.

ಮುಂದಿನ ಸಲ ಕಿಡ್ನಿ ವೈದ್ಯರ ಬಳಿ ಹೋದಾಗ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ನಾಳದ ಬಗ್ಗೆ ಕೇಳಿ. ಡಯಾಲಿಸಿಸ್ ಇನ್ನೂ ದೂರವಿದ್ದರೂ ಕೈಯಲ್ಲಿ ಆ ನಾಳ ಮಾಡಿಸಿ ಬಲಿಯಲು ಒಂದೂವರೆಯಿಂದ ಮೂರು ತಿಂಗಳು ಬೇಕು. ಕೊನೆ ಗಳಿಗೆಯಲ್ಲಿ ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡರೆ ಸೋಂಕಿನ ಅಪಾಯ ಹೆಚ್ಚು. ತಂದೆಯವರು ಬಲಗೈಯವರಾದರೆ, ಈಗಿನಿಂದಲೇ ಎಡಗೈ ಮುಂಗೈಯ ನರಕ್ಕೆ ಯಾರೂ ರಕ್ತ ತೆಗೆಯಲು, ಡ್ರಿಪ್ ಹಾಕಲು ಬಿಡಬೇಡಿ. ಲ್ಯಾಬಿನವರಿಗೆ ಅವರೇ ಬಲಗೈ ಮುಂದೆ ಚಾಚಲಿ.